ಬಜೆ: ಅದರ ಔಷಧಗುಣ, ಅಪಾಯ ಮತ್ತು ಬೇಸಾಯ

ಕನ್ನಡ ನಾಡಿನಲ್ಲಿ ಕೂಸು ಹುಟ್ಟಿದ ಮನೆಯೊಳಗೆ ಬಜೆಯ ಒಂದು ತುಂಡು ಇಲ್ಲದಿರುವುದು ಅಪೂರ್ವ. ಬಾಣಂತಿಯ ಕೋಣೆಯ ಗೂಡಿನಲ್ಲಿ ಅಳಲೆಕಾಯಿ, ಮಾಚಿಕಾಯಿ, ಜಾಯಿಕಾಯಿ, ಒಣಶುಂಠಿಗಳ ಜೊತೆಗೆ ಇದೂ ಇದ್ದು, ಮಗುವಿಗೆ ಹೊಟ್ಟೆಯುಬ್ಬರವಾದಾಗ ತೇಯುವ ಕಲ್ಲಿನ ಮೇಲೆ ಒಂದೊಂದನ್ನೂ ಒಂದೆರಡು ಸುತ್ತು ತೇಯ್ದು, ತಾಯಿಯ ಹಾಲಿನಲ್ಲಿ ಕಲಸಿ ನೆಕ್ಕಿಸುವ ವಾಡಿಕೆಯು ಬಹುಕಾಲದಿಂದ ನಡೆದು ಬಂದಿದೆ. ತಮಿಳರಲ್ಲಿ ಇದಕ್ಕೆ ವಸಂಬು ಎಂಬ ಹೆಸರಿದ್ದರೂ, ಮನೆಯ ಹೆಂಗಸರು ಆ ಹೆಸರನ್ನೆತ್ತದೆ ‘ಹೆಸರು ಹೇಳಬಾರದ್ದು’ ಎಂಬರ್ಥದ ಮಾತಿನಿಂದಲೇ ಇದನ್ನು ಕರೆಯುವುದುಂಟು. ವೈಟ್ಲಾ ಏನ್‌ಸ್ಲಿ ಎಂಬ ಬ್ರಿಟಿಷ್ ವೈದ್ಯನು ೧೮೨೬ರಲ್ಲಿ ಪ್ರಕಟಿಸಿದ ಭಾರತೀಯ ಔಷಧ ಗ್ರಂಥದಲ್ಲಿ, ನಡುರಾತ್ರಿಯಲ್ಲಿ ಬಾಗಿಲು ತಟ್ಟಿ ಬಜೆಯನ್ನು ಕೇಳಿದವರಿಗೆ ಅಂಗಡಿಯನ್ನು ತೆರೆದು ಕೊಡದ ಮದ್ದು ಮಾರುವವನಿಗೆ ದಂಡ ಬೀಳುತ್ತಿತ್ತೆಂದು ಹೇಳಿದ್ದಾನೆ. ಮಕ್ಕಳ ಹೊಟ್ಟೆಯ ಬೇನೆಗೆ ಇದರ ಮೇಲೆ ಜನರಿಗಿದ್ದ ನಂಬಿಕೆ ಅಷ್ಟರಮಟ್ಟಿನದು.

ಇಂತಹ ಬೇರನ್ನು ಅಮೆರಿಕ ಸಂಯುಕ್ತ ಸಂಸ್ಥಾನಗಳ ಸರಕಾರವು ೧೯೬೮ರಿಂದ ಆಹಾರ ಪದಾರ್ಥಗಳಲ್ಲಿ ಬಳಸಕೂಡದೆಂದು ನಿಷೇಧಿಸಿದೆ. ನಮ್ಮ ಹಿರಿಯರ ನಂಬಿಕೆಗೂ ಆ ಸರಕಾರದ ನಿಷೇಧಕ್ಕೂ ಕಾರಣವಾದುದು ಬೇರಿನೊಳಗಿನ ಒಂದೇ ತೈಲ. ಬಜೆಯನ್ನು ಬೆಳೆಯುವ ರೈತನೂ, ತೇಯ್ದು ಕೊಡುವ ಗೃಹಿಣಿಯೂ ಈ ತೈಲದ ಸ್ವಭಾವವನ್ನು ತಿಳಿದುಕೊಂಡಿರುವುದು ಅವಶ್ಯಕ.

ಗಿಡದ ಸ್ವರೂಪ.— ಬಜೆಗೆ ಸಂಸ್ಕೃತದಲ್ಲಿ ವಚಾ, ಉಗ್ರಗಂಧಾ, ಷಡ್ಗ್ರಂಥಾ ಮೊದಲಾದ ಹೆಸರುಗಳುಂಟು. ಸಸ್ಯಶಾಸ್ತ್ರಜ್ಞರು ಇದನ್ನು ಅಕೋರಸ್ ಕ್ಯಾಲಮಸ್ ಎನ್ನುತ್ತಾರೆ. ಇದು ಜೌಗು ನೆಲದಲ್ಲಿಯೂ ಹಳ್ಳ ಕೆರೆಗಳ ಅಂಚಿನಲ್ಲಿಯೂ ಬೆಳೆಯುವ ಬಹುವಾರ್ಷಿಕ ಸಸ್ಯ. ಎಲೆಗಳು ಕತ್ತಿಯ ಅಲಗಿನಂತೆ ಉದ್ದವಾಗಿ ನೆಟ್ಟಗೆ ನಿಲ್ಲುತ್ತವೆ. ಎಲೆಯನ್ನು ಮುರಿದು ಮೂಸಿದರೆ ಬೇರಿನ ವಾಸನೆಯೇ ಅಲ್ಲಿಯೂ ಬರುತ್ತದೆ. ನಾವು ಬೇರೆಂದು ಕರೆಯುವುದು ನಿಜವಾಗಿ ಬೇರಲ್ಲ. ಶುಂಠಿ ಅರಿಸಿನಗಳಂತೆ ಮಣ್ಣಿನೊಳಗೆ ಅಡ್ಡವಾಗಿ ಹರಿಯುವ, ಗೆಣ್ಣುಗೆಣ್ಣಾದ ಕಾಂಡ. ಹಿಂದೆ ಇದನ್ನು ಕೆಸು ಸುವರ್ಣಗೆಡ್ಡೆಗಳ ಕುಟುಂಬಕ್ಕೆ ಸೇರಿಸುತ್ತಿದ್ದರು. ಈಚೆಗೆ ಇದಕ್ಕೆ ಪ್ರತ್ಯೇಕ ಕುಟುಂಬವನ್ನೇ ಮಾಡಲಾಗಿದ್ದು, ಉಳಿದೆಲ್ಲ ಏಕದಳ ಸಸ್ಯಗಳಿಂದ ಬಹು ಪ್ರಾಚೀನ ಕಾಲದಲ್ಲಿಯೇ ಕವಲೊಡೆದ ವಂಶವಿದೆಂದು ನಿರ್ಧರಿಸಲಾಗಿದೆ.

ಬಜೆಯ ಜಾತಿಯಲ್ಲಿ ವರ್ಣತಂತುಗಳ ಸಂಖ್ಯೆಗನುಸಾರವಾಗಿ ಭೇದಗಳಿವೆ. ಉತ್ತರ ಅಮೆರಿಕದಲ್ಲಿರುವುದು ಎರಡು ಪಟ್ಟಿನದು. ಯುರೋಪಿನಲ್ಲಿರುವುದು ಮೂರು ಪಟ್ಟಿನದು. ಏಷ್ಯಾ ಖಂಡದ ಅನೇಕ ಭಾಗಗಳಲ್ಲಿರುವುದು ನಾಲ್ಕು ಪಟ್ಟಿನದು. ಮೂರು ಪಟ್ಟಿನ ಗಿಡಕ್ಕೆ ಬೀಜ ಕಟ್ಟುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ಪೂರ್ವ ದಿಕ್ಕಿನಿಂದ ಯುರೋಪಿಗೆ ಹೋದ ಈ ಗಿಡವು ಅಲ್ಲಿನ ಹೊಳೆದಂಡೆಗಳನ್ನೆಲ್ಲ ಆವರಿಸಿದ್ದು ಬೀಜದಿಂದಲ್ಲ, ತುಂಡಾದ ಗೆಡ್ಡೆಗಳು ತೇಲಿಹೋಗಿ ಚಿಗುರಿದ್ದರಿಂದ. ಈ ಭೇದವನ್ನು ಇಲ್ಲಿ ಹೇಳಲು ಕಾರಣವುಂಟು. ಔಷಧಗುಣವೂ ಅಪಾಯವೂ ಇದನ್ನೇ ಅವಲಂಬಿಸಿವೆ.

ಆಯುರ್ವೇದದಲ್ಲಿ ಬಜೆ.— ಚರಕಸಂಹಿತೆಯು ವಚೆಯನ್ನು ಲೇಖನೀಯವೆಂಬ, ಅಂದರೆ ದೇಹದ ಕೊಬ್ಬನ್ನು ಕರಗಿಸುವ ಮದ್ದುಗಳ ವರ್ಗದಲ್ಲಿಯೂ, ಪ್ರಜ್ಞೆ ತಪ್ಪಿದವರಿಗೆ ಪ್ರಜ್ಞೆಯನ್ನು ಮರಳಿಸುವ ಸಂಜ್ಞಾಸ್ಥಾಪನ ವರ್ಗದಲ್ಲಿಯೂ ಸೇರಿಸಿದೆ. ಸುಶ್ರುತನಲ್ಲಿ ವಚೆಯ ಹೆಸರಿನಿಂದಲೇ ಒಂದು ಗಣವಿದ್ದು, ಅದು ಎದೆಹಾಲನ್ನು ಶುದ್ಧಿ ಮಾಡುವುದೆಂದೂ ಅತಿಸಾರವನ್ನು ತಗ್ಗಿಸುವುದೆಂದೂ ಹೇಳಲಾಗಿದೆ. ಮಕ್ಕಳಿಗೂ ಬಾಣಂತಿಯರಿಗೂ ಬಜೆಗೂ ಇರುವ ನಂಟು ಹೀಗೆ ಶಾಸ್ತ್ರದಲ್ಲಿಯೇ ಮೊದಲಾಗುತ್ತದೆ. ರಸದಲ್ಲಿ ಕಟು ಮತ್ತು ತಿಕ್ತ, ವೀರ್ಯದಲ್ಲಿ ಉಷ್ಣವೆಂದು ವೈದ್ಯರ ಎಣಿಕೆ. ಉಗ್ಗು, ಮೂರ್ಛೆರೋಗ, ಉನ್ಮಾದ, ಮರೆವು, ಕಫದ ಕೆಮ್ಮು, ಹೊಟ್ಟೆಯುಬ್ಬರ ಇವುಗಳಲ್ಲಿ ಇದನ್ನು ಕೊಡುತ್ತಾರೆ. ಮಾತು ಬುದ್ಧಿಗಳಿಗಾಗಿ ಮಕ್ಕಳಿಗೆ ಕೊಡುವ ಸಾರಸ್ವತ ಚೂರ್ಣದಲ್ಲಿ ಬಜೆಯದೇ ದೊಡ್ಡ ಪಾಲು.

ಪ್ರಮಾಣದ ವಿಷಯದಲ್ಲಿ ವೈದ್ಯರು ಬಲು ಜಾಗರೂಕರು. ಭಾರತ ಸರಕಾರವು ಪ್ರಕಟಿಸಿರುವ ಆಯುರ್ವೇದ ಔಷಧ ಸಂಹಿತೆಯಲ್ಲಿ ಬಜೆಯ ಪುಡಿಗೆ ೬೦ ರಿಂದ ೧೨೦ ಮಿಲಿಗ್ರಾಂ ಪ್ರಮಾಣವನ್ನು ಗೊತ್ತುಮಾಡಿದೆ. ಹಳೆಯ ಲೆಕ್ಕದಲ್ಲಿ ಇದು ಅರ್ಧ ಗುಂಜಿಯಿಂದ ಒಂದು ಗುಂಜಿ. ಅದೇ ಸಂಹಿತೆಯಲ್ಲಿ ವಾಂತಿ ಮಾಡಿಸುವುದಕ್ಕಾಗಿ ಒಂದರಿಂದ ಎರಡು ಗ್ರಾಂ ಎಂದಿದೆ. ಎಂದರೆ, ಮದ್ದಾಗಿ ಕೊಡುವ ಪ್ರಮಾಣವನ್ನು ಎಂಟು ಹತ್ತು ಪಟ್ಟು ಮೀರಿದೊಡನೆ ಇದು ಹೊಟ್ಟೆಯಲ್ಲಿರುವುದನ್ನೆಲ್ಲ ಹೊರಗೆ ಹಾಕಿಸುವ ವಸ್ತುವಾಗುತ್ತದೆ. ಒಂದು ಚಮಚ ಪುಡಿಯಲ್ಲಿ ಎಷ್ಟು ಗುಂಜಿಗಳಿರಬಹುದೆಂಬುದನ್ನು ಯೋಚಿಸಿದರೆ, ‘ಗಿಡಮೂಲಿಕೆ ತಾನೆ, ಎಷ್ಟು ತಿಂದರೇನು’ ಎಂಬ ಮಾತು ಬಜೆಗೆ ಎಳ್ಳಷ್ಟೂ ಸಲ್ಲದೆಂಬುದು ಗೊತ್ತಾಗುವುದು.

ಇದಲ್ಲದೆ ಬಜೆಯನ್ನು ಹಸಿಯಾಗಿ ಬಳಸದೆ ಶೋಧನ ಮಾಡಿಯೇ ಬಳಸತಕ್ಕದ್ದೆಂಬ ಕ್ರಮವೂ ಉಂಟು. ಬೇರನ್ನು ಗೋಮೂತ್ರದಲ್ಲಿಯೂ, ಆ ಬಳಿಕ ಬೇರೆ ಬೇರೆ ಕಷಾಯಗಳಲ್ಲಿಯೂ ಬೇಯಿಸಿ, ಕೊನೆಗೆ ಸುಗಂಧ ದ್ರವ್ಯಗಳ ಹಬೆಗೆ ಹಿಡಿದು ಒಣಗಿಸುತ್ತಾರೆ. ಬಜೆಯ ತೈಲವು ಹಬೆಯೊಂದಿಗೆ ಹಾರಿಹೋಗುವ ಜಾತಿಯದಾದ್ದರಿಂದ, ಹೀಗೆ ಮತ್ತೆ ಮತ್ತೆ ಕುದಿಸಿದಾಗ ಅದರ ಅಂಶ ಕಡಮೆಯಾಗುವುದು ಸಹಜ. ೨೦೧೨ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪ್ರಾಣಿಗಳ ಸೆಳವನ್ನು ತಡೆಯುವ ಗುಣವು ಶೋಧಿಸಿದ ಬಜೆಯಲ್ಲಿ ಕುಂದದೆ ಉಳಿದಿದ್ದುದು ಕಂಡುಬಂದಿತು. ತೈಲದ ಹೆಸರನ್ನೇ ಅರಿಯದಿದ್ದ ಕಾಲದಲ್ಲಿ ಇಂತಹ ಕ್ರಮವನ್ನು ಏರ್ಪಡಿಸಿದವರ ಅನುಭವವು ಮೆಚ್ಚತಕ್ಕದ್ದು. ಆದರೆ ಗ್ರಂಥಿಗೆ ಅಂಗಡಿಯಿಂದ ಕೊಂಡು ತಂದು ಮನೆಯಲ್ಲಿ ತೇಯುವ ಬಜೆಗೆ ಈ ಯಾವ ಸಂಸ್ಕಾರವೂ ಆಗಿರುವುದಿಲ್ಲವೆಂಬುದನ್ನು ಮರೆಯಬಾರದು.

ತೈಲದ ಗುಣಗಳು.— ಒಣಗಿದ ಬಜೆಯಲ್ಲಿ ನೂರಕ್ಕೆ ಸುಮಾರು ಎರಡರಿಂದ ಐದು ಭಾಗದವರೆಗೆ ತೈಲವಿರುತ್ತದೆ. ಅದರಲ್ಲಿರುವ ಮುಖ್ಯ ಪದಾರ್ಥಕ್ಕೆ ಅಸರೋನ್ ಎಂದು ಹೆಸರು. ಪರಮಾಣುಗಳ ಜೋಡಣೆಯ ರೀತಿಯಿಂದ ಇದರಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಗಳು. ನಾಲ್ಕು ಪಟ್ಟಿನ ಬಜೆಯ ತೈಲದಲ್ಲಿ ಬೀಟಾ ಅಸರೋನ್ ನೂರಕ್ಕೆ ಎಪ್ಪತ್ತನ್ನು ಮೀರಿರುವುದುಂಟು; ಕೆಲವು ಮಾದರಿಗಳಲ್ಲಿ ತೊಂಬತ್ತನ್ನೂ ದಾಟಿದೆ. ಯುರೋಪಿನ ಮೂರು ಪಟ್ಟಿನ ಬಜೆಯಲ್ಲಿ ಅದು ಸ್ವಲ್ಪವೇ. ಅಮೆರಿಕದ ಎರಡು ಪಟ್ಟಿನ ಬಜೆಯಲ್ಲಿ ಇಲ್ಲವೇ ಇಲ್ಲ. ಕಣ್ಣಿಗೆ ಇವೆಲ್ಲವೂ ಹೆಚ್ಚು ಕಡಮೆ ಒಂದೇ ಗಿಡ.

ಈ ತೈಲವು ನರಮಂಡಲದ ಮೇಲೆ ಮಾಡುವ ಕಾರ್ಯವನ್ನು ಪಿ. ಸಿ. ದಾಂಡಿಯ ಮತ್ತು ಅವರ ಸಹೋದ್ಯೋಗಿಗಳು ೧೯೫೯ರಿಂದ ೧೯೬೨ರವರೆಗೆ ಇಲಿ ಮೊದಲಾದ ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಅಸರೋನ್ ಕೊಟ್ಟ ಪ್ರಾಣಿಗಳು ಚಲನವಲನವನ್ನು ಕಡಮೆ ಮಾಡಿ ಮಂಕಾದವು; ಅವುಗಳ ದೇಹದ ಉಷ್ಣತೆ ಇಳಿಯಿತು; ನಿದ್ರೆಯ ಔಷಧವನ್ನು ಜೊತೆಗೆ ಕೊಟ್ಟಾಗ ನಿದ್ರೆಯು ಎಂದಿಗಿಂತ ಬಹಳ ಹೊತ್ತು ಮುಂದುವರಿಯಿತು. ಕರುಳಿನ ಸ್ನಾಯುಗಳ ಸೆಡೆತವನ್ನು ಬಜೆಯು ಸಡಿಲಿಸುವುದೂ ಪ್ರಯೋಗಗಳಿಂದ ಗೊತ್ತಾಗಿದೆ. ಸ್ನಾಯುಕಣಗಳೊಳಕ್ಕೆ ಸುಣ್ಣದ ಧಾತು ನುಗ್ಗುವುದನ್ನು ಅದು ತಡೆಯುವುದರಿಂದ ಹೀಗಾಗುತ್ತದೆ. ಹೊಟ್ಟೆ ಕಟ್ಟಿ ಅಳುವ ಮಗುವಿಗೆ ಬಜೆ ನೆಕ್ಕಿಸಿದ ಸ್ವಲ್ಪ ಹೊತ್ತಿನಲ್ಲಿ ಅಳು ನಿಂತು ಕಣ್ಣು ಮುಚ್ಚುವುದನ್ನು ಕಂಡ ಅಜ್ಜಿಯರ ಅನುಭವಕ್ಕೆ ಇವುಗಳಿಂದ ಒಂದು ಸಮಾಧಾನ ದೊರೆಯುವಂತಿದೆ. ಜ್ಞಾಪಕಶಕ್ತಿಯ ವಿಷಯ ಹಾಗಲ್ಲ. ಗಾಜಿನ ನಳಿಗೆಯಲ್ಲಿಯೂ ಇಲಿಗಳಲ್ಲಿಯೂ ಅನುಕೂಲವಾದ ಸೂಚನೆಗಳಿದ್ದರೂ, ಆರೋಗ್ಯವಂತರಾದ ಮಕ್ಕಳ ಬುದ್ಧಿಯು ಬಜೆಯಿಂದ ಹೆಚ್ಚುತ್ತದೆಂಬುದಕ್ಕೆ ಒಪ್ಪತಕ್ಕ ಪ್ರಮಾಣವಿಲ್ಲ.

ಅಪಾಯ.— ೧೯೬೭ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು ಜಮ್ಮುವಿನ ಬಜೆಯಿಂದ ತೆಗೆದ ತೈಲವನ್ನು ಇಲಿಗಳ ಆಹಾರದಲ್ಲಿ ಬೆರಸಿ ಎರಡು ವರ್ಷಗಳವರೆಗೆ ಕೊಟ್ಟುದರ ಫಲವನ್ನು ತಿಳಿಸಿದರು. ಇಲಿಗಳ ಬೆಳವಣಿಗೆ ಕುಂಠಿತವಾಗಿತ್ತು. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಅರ್ಬುದದ ಗಂಟುಗಳು ಎದ್ದಿದ್ದವು. ನಿಷೇಧವು ಹೊರಟದ್ದು ಮರುವರ್ಷವೇ. ಬೀಟಾ ಅಸರೋನ್ ಹೊಟ್ಟೆ ಸೇರಿದಾಗ ಹೇಗಿರುತ್ತದೆಯೋ ಹಾಗೆಯೇ ಉಳಿಯುವುದಿಲ್ಲ. ಯಕೃತ್ತು ಅದಕ್ಕೆ ಆಮ್ಲಜನಕವನ್ನು ಸೇರಿಸಿ ಅತಿ ಚುರುಕಾದ ಬೇರೊಂದು ರೂಪಕ್ಕೆ ತಿರುಗಿಸುತ್ತದೆ. ಆ ರೂಪವು ಜೀವಕಣದ ವಂಶವಾಹಿ ದ್ರವ್ಯಕ್ಕೆ ಅಂಟಿಕೊಂಡು ಅದನ್ನು ಕೆಡಿಸಬಲ್ಲುದು. ಯುರೋಪಿನ ಒಕ್ಕೂಟವೂ ೨೦೦೮ರ ಕಾಯಿದೆಯಿಂದ ಬೀಟಾ ಅಸರೋನನ್ನು ಶುದ್ಧರೂಪದಲ್ಲಿ ಆಹಾರಕ್ಕೆ ಸೇರಿಸುವುದನ್ನು ನಿಲ್ಲಿಸಿ, ಮದ್ಯಗಳಲ್ಲಿ ಅದು ಒಂದು ಕಿಲೋಗ್ರಾಮಿಗೆ ಒಂದು ಮಿಲಿಗ್ರಾಮನ್ನು ಮೀರಕೂಡದೆಂದು ಗೊತ್ತುಮಾಡಿತು.

ಇದನ್ನು ಓದಿ ಗಾಬರಿಪಡುವುದೂ ಸರಿಯಲ್ಲ. ಮನುಷ್ಯರಲ್ಲಿ ಬಜೆಯಿಂದ ಅರ್ಬುದರೋಗವುಂಟಾಯಿತೆಂದು ಸಿದ್ಧಪಟ್ಟಿಲ್ಲ. ಇಲಿಗಳಿಗೆ ಕೊಟ್ಟದ್ದು ಶುದ್ಧವಾದ ತೈಲ, ಅದೂ ಜೀವಮಾನದುದ್ದಕ್ಕೂ, ಪ್ರತಿದಿನವೂ. ವೈದ್ಯನು ರೋಗಿಗೆ ಕೊಡುವುದು ಶೋಧಿಸಿದ ಬೇರಿನ ಒಂದು ಗುಂಜಿ, ಕೆಲವು ದಿನಗಳ ಮಟ್ಟಿಗೆ. ಆದರೆ ಕೂಸಿಗೆ ತಿಂಗಳುಗಟ್ಟಲೆ ದಿನವೂ ಹಸಿಬಜೆಯನ್ನು ತೇಯ್ದು ಕೊಡುವುದು ಈ ಎರಡರ ಪೈಕಿ ಯಾವುದಕ್ಕೆ ಹತ್ತಿರವೆಂಬುದನ್ನು ಮನೆಯವರೇ ಎಣಿಸಿ ನೋಡಬೇಕು. ಕೂಸಿನ ತೂಕ ಮೂರು ನಾಲ್ಕು ಕಿಲೋಗ್ರಾಂ. ಕಲ್ಲಿನ ಮೇಲೆ ಎಷ್ಟು ತೇಯ್ದಿತೆಂಬುದಕ್ಕೆ ಅಳತೆಯಿಲ್ಲ. ಬೇರಿನಲ್ಲಿ ತೈಲವೆಷ್ಟೆಂಬುದಕ್ಕೂ ಅಳತೆಯಿಲ್ಲ. ಕೈ ಸ್ವಲ್ಪ ಜಾಸ್ತಿಯಾದರೆ ಮಗುವಿಗೆ ಬಿಡದೆ ವಾಂತಿಯೂ ಜೋಂಪೂ ಉಂಟಾಗಬಹುದು. ವಾಂತಿಯಿಂದ ನೀರಿನಂಶವನ್ನು ಕಳೆದುಕೊಂಡ ಎಳೆಗೂಸು ಬಹುಬೇಗ ನಿತ್ರಾಣವಾಗುತ್ತದೆ. ದೊಡ್ಡವರ ಅವಸ್ಥೆಯೂ ಸುಖಕರವಲ್ಲ: ಅಮಲಿನ ಆಸೆಯಿಂದ ಬಜೆಯನ್ನು ತಿಂದವರ ಸುಮಾರು ಮೂವತ್ತು ಪ್ರಕರಣಗಳು ೨೦೦೩ ರಿಂದ ೨೦೦೬ರ ಒಳಗೆ ಸ್ವೀಡನ್ ದೇಶದಲ್ಲಿ ದಾಖಲಾದವು, ಅವರಿಗೆ ದೊರೆತದ್ದು ಅಮಲಲ್ಲ, ಗಂಟೆಗಟ್ಟಲೆ ನಿಲ್ಲದ ವಾಂತಿ.

ಆದುದರಿಂದ ಎಳೆಗೂಸುಗಳಿಗೆ ಮನೆಯವರೇ ದಿನವೂ ಬಜೆಯನ್ನು ಕೊಡುವ ಪದ್ಧತಿಯನ್ನು ಬಿಡುವುದು ಯುಕ್ತ. ಕೊಡಲೇಬೇಕೆನಿಸಿದಲ್ಲಿ ಓದಿದ ವೈದ್ಯರನ್ನು ಕೇಳಿ, ಶೋಧಿಸಿದ ಬಜೆಯನ್ನು ಅವರು ಹೇಳಿದಷ್ಟು ದಿನ ಮಾತ್ರ ಕೊಡತಕ್ಕದ್ದು. ಇದರೊಂದಿಗೆ ಜೇನುತುಪ್ಪವನ್ನು ಕಲಸುವ ವಾಡಿಕೆಯೂ ಇದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೂಡದು. ಜೇನಿನಲ್ಲಿರಬಹುದಾದ ಒಂದು ಜಾತಿಯ ಸೂಕ್ಷ್ಮಾಣುವು ಎಳೆಗರುಳಿನಲ್ಲಿ ಬೆಳೆದು ಕೈಕಾಲುಗಳ ಶಕ್ತಿಯನ್ನೂ ಉಸಿರನ್ನೂ ಕುಗ್ಗಿಸುವ ವಿಷವನ್ನು ಹುಟ್ಟಿಸುತ್ತದೆ. ಗರ್ಭಿಣಿಯರೂ, ನಿದ್ರೆಗೆ ಅಥವಾ ಮೂರ್ಛೆರೋಗಕ್ಕೆ ಔಷಧ ಸೇವಿಸುತ್ತಿರುವವರೂ ತಾವಾಗಿಯೇ ಬಜೆಯನ್ನು ತೆಗೆದುಕೊಳ್ಳಬಾರದು. ಬಜೆಯ ಮಣಿಗಳನ್ನು ದಾರಕ್ಕೆ ಪೋಣಿಸಿ ಮಗುವಿನ ಕೈಗೆ ಕಟ್ಟುವವರು, ಮಗುವು ಅದನ್ನು ಬಾಯಿಗೆ ಹಾಕಿ ಚೀಪುವುದೆಂಬುದನ್ನು ನೆನಪಿನಲ್ಲಿಡಬೇಕು.

ಬಿತ್ತನೆಯ ಕಾಳಿಗೆ ಬಜೆ.— ಹೊಟ್ಟೆಗೆ ಅಂಜಿಕೆ ತರುವ ಇದೇ ಪದಾರ್ಥವು ಕಣಜದಲ್ಲಿ ರೈತನಿಗೆ ಸಹಾಯಕವಾಗಿದೆ. ಬಟ್ಟೆಯ ಪೆಟ್ಟಿಗೆಯಲ್ಲಿಯೂ ತಾಳೆಗರಿಯ ಕಟ್ಟುಗಳ ನಡುವೆಯೂ ಹುಳು ಬೀಳದಂತೆ ಬಜೆಯ ತುಂಡುಗಳನ್ನಿಡುವುದು ಹಳೆಯ ಪದ್ಧತಿ. ಇದರ ಮರ್ಮವನ್ನು ಜಮ್ಮುವಿನ ವಿಜ್ಞಾನಿಗಳಾದ ಸಕ್ಸೇನ, ಕೌಲ್, ಟಿಕ್ಕು, ಅಟಲ್ ಎಂಬವರು ೧೯೭೭ರಲ್ಲಿ ನೇಚರ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೀಟಾ ಅಸರೋನ್ ಕೀಟಗಳನ್ನು ಬಂಜೆಯಾಗಿಸುತ್ತದೆ. ಹೆಣ್ಣು ಕೀಟದ ಅಂಡಾಶಯ ಬೆಳೆಯದೆ ಮೊಟ್ಟೆಗಳು ಕಟ್ಟುವುದಿಲ್ಲ. ಅಕ್ಕಿಯ ಮೂತಿಹುಳುವಿಗೂ, ಹೆಸರು ಅಲಸಂದೆಗಳನ್ನು ತೂತು ಮಾಡುವ ಕಾಳುದುಂಬಿಗೂ ಬಜೆಯು ಆಗದು. ಇಂದಿನ ಹುಳುವು ಸಾಯದಿದ್ದರೂ ನಾಳೆಯ ಸಂತತಿ ನಿಂತುಹೋದರೆ ಕಾಳು ಉಳಿಯಿತು.

ಬಿತ್ತನೆಗಾಗಿ ಇಡುವ ಕಾಳನ್ನು ಚೆನ್ನಾಗಿ ಬಿಸಿಲಿನಲ್ಲಿ ಒಣಗಿಸಿ, ತಣ್ಣಗಾದ ಮೇಲೆ ನೂರು ಕಿಲೋಗ್ರಾಂ ಕಾಳಿಗೆ ಒಂದು ಕಿಲೋಗ್ರಾಂ ನುಣ್ಣನೆಯ ಬಜೆಪುಡಿಯ ಮೇರೆಗೆ ಸಮನಾಗಿ ಬೆರಸಿ, ಗಾಳಿಯಾಡದ ಡಬ್ಬಗಳಲ್ಲಿಯೋ ಒತ್ತಾದ ಚೀಲಗಳಲ್ಲಿಯೋ ತುಂಬಿ ಬಾಯಿ ಬಿಗಿಯಬೇಕು. ಹಳೆಯ ಪುಡಿಯಲ್ಲಿ ತೈಲ ಹಾರಿಹೋಗಿರುವುದರಿಂದ ಆಗಿನದಾಗ ಕುಟ್ಟಿದ ಪುಡಿಯೇ ಒಳ್ಳೆಯದು. ಕುಟ್ಟುವವರು ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಲಿ. ಈ ಉಪಾಯವು ಬಿತ್ತನೆಯ ಕಾಳಿಗೆ ಮಾತ್ರ. ಊಟದ ಅಕ್ಕಿ ಬೇಳೆಗಳಿಗೆ ಇದನ್ನು ಬೆರಸಿದರೆ, ವರ್ಷವಿಡೀ ಮನೆಮಂದಿಯೆಲ್ಲ ಬೀಟಾ ಅಸರೋನನ್ನು ತಿಂದಂತಾಗುವುದು. ಪುಡಿ ಬೆರಸಿದ ಚೀಲದ ಮೇಲೆ ‘ಬೀಜ’ ಎಂದು ಗುರುತು ಮಾಡಿ ಬೇರೆಯಾಗಿಡಬೇಕು. ಬಿತ್ತಿ ಮಿಕ್ಕ ಕಾಳನ್ನು ಅಡಿಗೆಮನೆಗೆ ತರಕೂಡದು.

ಬೇಸಾಯಕ್ರಮ.— ನಮ್ಮ ನಾಡಿನಲ್ಲಿ ಬಜೆಯ ಬೇಸಾಯಕ್ಕೆ ಹೆಸರಾದುದು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕು. ಕಾಶ್ಮೀರ, ಮಣಿಪುರ, ನಾಗಾ ಬೆಟ್ಟಗಳ ಜೌಗುಗಳಲ್ಲಿ ಇದು ತಾನಾಗಿಯೇ ಬೆಳೆಯುತ್ತದೆ. ಬತ್ತ ಬೆಳೆಯುವ ಗದ್ದೆಯೇ ಇದಕ್ಕೆ ತಕ್ಕ ಭೂಮಿ. ಎರೆಯಿಂದ ಕೂಡಿದ ಗೋಡುಮಣ್ಣು ಉತ್ತಮ. ಕಾಲುವೆಯ ಕೊನೆಯಲ್ಲಿ ನೀರು ಬಸಿಯದೆ ನಿಂತು, ಬೇರೆ ಬೆಳೆಗಳು ಕೊಳೆತುಹೋಗುವ ತಗ್ಗುಗಳಲ್ಲಿ ಬಜೆಯನ್ನು ಇಟ್ಟು ನೋಡಬಹುದು. ನೀರಿನ ಭರವಸೆಯಿಲ್ಲದ ಕಡೆ ಇದರ ಗೋಜಿಗೆ ಹೋಗದಿರುವುದೇ ಲೇಸು.

ಭೂಮಿಯನ್ನು ಎರಡು ಮೂರು ಸಾರಿ ಉತ್ತು, ಕೊಟ್ಟಿಗೆ ಗೊಬ್ಬರವನ್ನೂ ಹೊಂಗೆ ಮೊದಲಾದ ಹಸುರೆಲೆಯನ್ನೂ ತುಳಿಸಿ, ಬತ್ತದ ನಾಟಿಗೆ ಮಾಡುವಂತೆಯೇ ಕೆಸರು ಮಾಡಬೇಕು. ಹಿಂದಿನ ಬೆಳೆಯ ಗೆಡ್ಡೆಗಳಲ್ಲಿ ಮೊಳಕೆಯಿರುವ ತುಂಡುಗಳನ್ನು ಆರಿಸಿ, ಮುಂಗಾರು ಹಿಡಿದ ಮೇಲೆ, ಜೂನ್ ತಿಂಗಳಿಂದ ಆಗಸ್ಟಿನೊಳಗೆ ನೆಡುತ್ತಾರೆ. ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ ಒಂದೊಂದು ಅಡಿ ಅಂತರವಿಟ್ಟರೆ ಗುಂಟೆಯೊಂದಕ್ಕೆ ೧,೦೮೯ ತುಂಡುಗಳೂ, ಎಕರೆಗೆ ೪೩,೫೬೦ ತುಂಡುಗಳೂ ಬೇಕಾಗುತ್ತವೆ. ಹೊಸಬರು ಮೊದಲ ವರ್ಷ ನಾಲ್ಕಾರು ಗುಂಟೆಗಳಲ್ಲಿ ಮಾತ್ರ ನೆಟ್ಟು, ಅದರಿಂದಲೇ ಮುಂದಿನ ವರ್ಷದ ಬೀಜಗೆಡ್ಡೆಯನ್ನು ಒದಗಿಸಿಕೊಂಡರೆ ಖರ್ಚು ಬಹಳ ಉಳಿಯುವುದು. ನೆಟ್ಟ ಹೊಸದರಲ್ಲಿ ಎರಡು ಅಂಗುಲ, ಗಿಡ ಹತ್ತಿಕೊಂಡ ಮೇಲೆ ನಾಲ್ಕು ಅಂಗುಲ ನೀರು ನಿಂತಿರಬೇಕು. ಮೊದಲ ಕೆಲವು ತಿಂಗಳು ಕಳೆಯನ್ನು ಕಿತ್ತು, ಗಿಡದ ಬುಡವನ್ನು ಕೆಸರಿನಲ್ಲಿ ಅದುಮುತ್ತಿದ್ದರೆ ಸಾಕು. ವಾಸನೆಯ ದೆಸೆಯಿಂದ ದನಕರುಗಳು ಇದಕ್ಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ.

ಎಂಟರಿಂದ ಹನ್ನೆರಡು ತಿಂಗಳಲ್ಲಿ ಎಲೆಗಳು ಹಳದಿಯಾಗಿ ಒಣಗತೊಡಗಿದಾಗ ಬೆಳೆ ಬಲಿತಂತೆ. ಆಗ ನೀರನ್ನು ಬಿಟ್ಟು, ಕೀಳುವುದಕ್ಕೆ ಬೇಕಾದಷ್ಟು ಹಸಿ ಮಾತ್ರ ಉಳಿಯುವಂತೆ ಗದ್ದೆಯನ್ನು ಆರಿಸಬೇಕು. ಗೆಡ್ಡೆಗಳು ಒಂದೆರಡು ಅಡಿಗಳವರೆಗೆ ಸುತ್ತಲೂ ಹರಡಿರುವುದರಿಂದ ಅಗೆಯುವುದು ಶ್ರಮದ ಕೆಲಸ; ಈ ಬೆಳೆಯ ಖರ್ಚೆಲ್ಲ ಇಲ್ಲಿಯೇ. ಅಗೆದುದನ್ನು ತೊಳೆದು, ನಾರುಬೇರುಗಳನ್ನು ಹೆರೆದು, ಎರಡು ಮೂರು ಅಂಗುಲದ ತುಂಡುಗಳಾಗಿ ಕತ್ತರಿಸಿ ಒಣಗಿಸುತ್ತಾರೆ. ಒಣಗಿದ ಮೇಲೆ ಗೋಣಿತಟ್ಟಿನ ನಡುವೆ ತಿಕ್ಕಿದರೆ ಮೇಲಿನ ಸಿಪ್ಪೆ ಉದುರಿ ಸರಕು ಚೊಕ್ಕಟವಾಗುತ್ತದೆ. ಒಳಗೆ ಹಸಿಯುಳಿದ ಬಜೆಗೆ ಬೂಷ್ಟು ಹಿಡಿಯುವುದು. ಕಡುಬಿಸಿಲಿನಲ್ಲಿ ಅತಿಯಾಗಿ ಕಾಯಿಸಿದರೆ ತೈಲ ಹೋಗುವುದು. ಎರಡೂ ರೈತನಿಗೆ ನಷ್ಟ. ಮುರಿದರೆ ಚಟ್ಟನೆ ಮುರಿಯುವಂತೆ ಒಣಗಿದಾಗ ಗೋಣಿಗೆ ತುಂಬಿ, ನೆಲಕ್ಕೆ ತಗುಲದಂತೆ ಹಲಗೆಯ ಮೇಲಿಡಬೇಕು.

ಬಜೆಯ ಬದಲಿಗೆ ದುಂಪರಾಸ್ಮೆಯ ಗೆಡ್ಡೆಯನ್ನು ಮಾರುವ ರೂಢಿಯೂ ಇದೆ. ದುಂಪರಾಸ್ಮೆ ಶುಂಠಿಯ ಕುಟುಂಬದ್ದು. ಕೆಂಪಗೆ ಗಟ್ಟಿಯಾಗಿದ್ದು ಮೆಣಸಿನಂತೆ ಖಾರವಾಗಿರುತ್ತದೆ. ಬಜೆಯು ಹಗುರ, ಮುರಿದರೆ ಒಳಗೆ ಬೆಂಡಿನಂತೆ ಬೆಳ್ಳಗಿದ್ದು, ಮೇಲೆ ಬೇರುಗಳು ಬಿದ್ದುಹೋದ ಚುಕ್ಕೆಗಳ ಗುರುತಿರುತ್ತದೆ. ಔಷಧ ಕಾರ್ಖಾನೆಗಳವರು ವಾಸನೆಯನ್ನಷ್ಟೇ ನಂಬದೆ ತೈಲವನ್ನೂ ಅದರಲ್ಲಿನ ಅಸರೋನಿನ ಪ್ರಮಾಣವನ್ನೂ ಅಳೆಯಿಸಿ ಕೊಳ್ಳುವುದುಂಟು. ಬಿತ್ತನೆಯ ಕಾಳಿನ ಪುಡಿಗೆ ಅಸರೋನ್ ಹೆಚ್ಚಾಗಿರುವ ಬಜೆ ಬೇಕು. ಹೊಟ್ಟೆಗೆ ಹೋಗುವ ಮದ್ದಿಗೆ ಕಡಮೆಯಿರುವುದು ಮೇಲು. ಹೆಚ್ಚು ವಿಸ್ತಾರದಲ್ಲಿ ಬೆಳೆಯುವವರು ನಾಟಿಗೆ ಮೊದಲೇ ತಮ್ಮ ಬೀಜಗೆಡ್ಡೆಯ ಮಾದರಿಯನ್ನು ಪರೀಕ್ಷೆ ಮಾಡಿಸಿ, ಯಾವ ಕೊಳ್ಳುವವನಿಗೆ ಯಾವುದು ಬೇಕೆಂಬುದನ್ನು ವಿಚಾರಿಸಿಕೊಂಡರೆ ಒಳಿತು. ಗೆಡ್ಡೆಯಿಂದ ಬೆಳೆಸುವ ಗಿಡವಾದ್ದರಿಂದ ತಾಯಿಗೆಡ್ಡೆಯ ಜಾತಿಯೇ ಗದ್ದೆಯಲ್ಲೆಲ್ಲ ಹರಡುತ್ತದೆ. ಕೊಯ್ಲಿನ ಕಾಲದಲ್ಲಿ ಗದ್ದೆಯ ಒಂದು ಮೂಲೆಯನ್ನು ಕೀಳದೆ ಬಿಟ್ಟು ಅಲ್ಲಿಗೆ ನೀರು ಹಾಯಿಸುತ್ತಿದ್ದರೆ, ಮುಂದಿನ ಮುಂಗಾರಿಗೆ ಬೇಕಾಗುವ ಮೊಳಕೆಯ ಗೆಡ್ಡೆ ಅಲ್ಲಿಯೇ ಸಿದ್ಧವಾಗಿರುತ್ತದೆ.